ದೊರೆಗೊಬ್ಬ ಅಪ್ಪ

ನನ್ನ ಹೆಸರು ಎಗೆಲ್ಯೋ. ಯೆಹೋವನ ಕರು ಎಂದರ್ಥ. ಅಪ್ಪ ಬೇತೇಲಿನ ಗುಡಿಯಲ್ಲಿ ಚಿನ್ನದ ಕರುವಿನ ಮುಂದೆ ಹರಕೆ ಹೊತ್ತು ಪಡೆದ ಮಗನಾದ್ದರಿಂದ ಈ ಹೆಸರು. ತೊಟ್ಟಿಲಲ್ಲಿದ್ದಾಗ ಒಪ್ಪುತ್ತಿದ್ದಿರಬೇಕು. ಆದರೆ ಗಡ್ಡ ನೆರೆತು, ಹಲ್ಲು ಅಲುಗಾಡುವ ಈ ವಯಸ್ಸಿನಲ್ಲೂ ನಾನು ಸಮಾರ್ಯದ ಊರಬಾಗಿಲಿಗೆ ಹೋದರೆ "ಕರು ಬಂತು, ಜಾಗ ಬಿಡ್ರೋ" ಎನ್ನುತ್ತಾರೆ. ಎತ್ತಾಗುವ ಯೋಗ ನನ್ನ ಹಣೆಯಲ್ಲಿ ಬರೆದಿರಲಿಲ್ಲ.

ಕಸುಬು ಮುದ್ರೆ ಕೆತ್ತುವುದು. ಅವರೆಕಾಳಿನಷ್ಟು ಕಲ್ಲಿನ ಮೇಲೆ ಹೆಸರನ್ನು ಹಿಂದುಮುಂದಾಗಿ ಕೊರೆಯಬೇಕು. ಎಣ್ಣೆಯ ಜಾಡಿಯ ಬಾಯಿಗೆ ಮೆತ್ತಿದ ಹಸಿ ಜೇಡಿಮಣ್ಣಿಗೆ ಅದನ್ನು ಒತ್ತಿದಾಗ ಹೆಸರು ನೆಟ್ಟಗೆ ಮೂಡುತ್ತದೆ. ಇಂಥವನು, ಇಂಥವನ ಮಗ. ಅಷ್ಟೇ ಬರಹ. ಒಮ್ರಿ ದೊರೆ ಈ ಗುಡ್ಡವನ್ನು ಕೊಂಡು ಹೊಸ ರಾಜಧಾನಿ ಕಟ್ಟಿಸಿದಾಗ ಎಲ್ಲೆಲ್ಲಿಂದಲೋ ಜನ ಬಂದು ತುಂಬಿಕೊಂಡರು. ಬಂದವರಿಗೆಲ್ಲ ಮುದ್ರೆ ಬೇಕು. ನನ್ನ ಮುಂದೆ ಕೂತು ತಮ್ಮ ಹೆಸರನ್ನು ಠೀವಿಯಿಂದ ಹೇಳುತ್ತಿದ್ದರು. "ಅಪ್ಪನ ಹೆಸರು?" ಎಂದರೆ ಮಾತ್ರ ಅರ್ಧ ಜನಕ್ಕೆ ಕೆಮ್ಮು ಬರುತ್ತಿತ್ತು. ಒಬ್ಬ ಗುಲಾಮನ ಮಗ, ಇನ್ನೊಬ್ಬ ಊರು ಬಿಟ್ಟು ಓಡಿಬಂದವ, ಮತ್ತೊಬ್ಬನ ಅಪ್ಪನನ್ನು ಕಳ್ಳತನಕ್ಕೆ ಕಲ್ಲು ಹೊಡೆದು ಕೊಂದಿದ್ದರು. ಆಗ ನಾನು ದನಿ ತಗ್ಗಿಸಿ "ಯಾವುದಾದ್ರೂ ಒಳ್ಳೆ ಮನೆತನದ ಹೆಸರು ಹಾಕೋಣ್ವಾ?" ಎನ್ನುತ್ತಿದ್ದೆ. ಹೀಗೆ ಈ ಊರಿನ ಅರ್ಧ ಗಂಡಸರಿಗೆ ಅಪ್ಪನನ್ನು ಕೊಟ್ಟವನು ನಾನು. ಬಸುರಿಲ್ಲ, ಬಾಣಂತನವಿಲ್ಲ, ಒಂದು ಉಳಿ ಸಾಕು.

ಪರರ ಅಪ್ಪಂದಿರ ವಿಷಯದಲ್ಲಿ ಇಷ್ಟು ಉದಾರಿಯಾದ ನಾನು ನನ್ನ ಅಪ್ಪಂದಿರ ವಿಷಯದಲ್ಲಿ ಮಹಾ ಜಿಪುಣ. ನಮ್ಮದು ಮನಸ್ಸೆ ಕುಲದ ಅಬೀಯೆಜೆರ್ ಮನೆತನ. ನನ್ನ ಅಪ್ಪ ಗೇರಾ, ಅವನ ಅಪ್ಪ ಮೆರೀಬಾಳ, ಅವನ ಅಪ್ಪ ಯೆದಾಯೋ. ಮುತ್ತಜ್ಜನ ಹೆಸರಲ್ಲಿ ಯೆಹೋವ ಇದ್ದಾನೆ, ಅಜ್ಜನ ಹೆಸರಲ್ಲಿ ಮಳೆದೇವರು ಬಾಳ ಇದ್ದಾನೆ, ನನ್ನದರಲ್ಲಿ ಮತ್ತೆ ಯೆಹೋವ. ಮಳೆ ಯಾರು ಕೊಟ್ಟರೋ ಆ ವರ್ಷ ಹುಟ್ಟಿದ ಮಗುವಿಗೆ ಅವರ ಹೆಸರು. ಇದರಲ್ಲಿ ನಮಗೆ ಎಂದೂ ಗೊಂದಲ ಕಾಣಿಸಿದ್ದಿಲ್ಲ.

ನಮ್ಮಲ್ಲಿ ಅಮಾವಾಸ್ಯೆಯ ಊಟಕ್ಕೆ ಸತ್ತವರೂ ಬಂದು ಕೂರುತ್ತಾರೆ. ಮನೆಯ ಗಂಡಸು ಎದ್ದು ನಿಂತು ಅಪ್ಪ, ಅಜ್ಜ, ಮುತ್ತಜ್ಜ ಎಂದು ಒಬ್ಬೊಬ್ಬರ ಹೆಸರನ್ನೂ ಕೂಗಿ, ಹೆಸರಿಗೊಂದು ಬಟ್ಟಲು ದ್ರಾಕ್ಷಾರಸವನ್ನು ನೆಲಕ್ಕೆ ಸುರಿಯುತ್ತಾನೆ. ಕೂಗುವ ಮಗನಿಲ್ಲದ ಸತ್ತವನು ಮಣ್ಣಿನಡಿ ಒಣಬಾಯಲ್ಲಿ ಕೂತಿರುತ್ತಾನೆ. ನನಗೆ ಗಂಡುಮಕ್ಕಳು ಉಳಿಯಲಿಲ್ಲ. ಉಳಿದವಳು ಮಗಳು ಹೊಗ್ಲ ಒಬ್ಬಳೇ. ನಾನು ಸತ್ತರೆ ನನ್ನ ಹೆಸರು ಕೂಗುವವರು ಯಾರು ಎಂಬ ಭಯ ನನಗೆ ನಿಜವಾಗಿಯೂ ಇತ್ತು. ತಮಾಷೆ ಮಾಡುವವನಿಗೂ ಒಂದು ಭಯ ಇರುತ್ತದಲ್ಲ, ನನ್ನದು ಅದು. ಅಳಿಯನೇ ಮಗನ ಜಾಗದಲ್ಲಿ ನಿಂತು ಕೂಗಬೇಕು. ಅದಕ್ಕೆ ಅವನು ನಮ್ಮ ಮನೆತನದವನೇ ಆಗಿರಬೇಕು ಎಂದು ನಾನು ಗದ್ದೀಯೋನನ್ನು ಗೊತ್ತುಮಾಡಿದ್ದೆ. ಗದ್ದೀಯೋ ನನ್ನ ದೊಡ್ಡಪ್ಪನ ಮೊಮ್ಮಗ, ಇಬ್ಬರು ಹೆಂಡಿರನ್ನು ಮಣ್ಣು ಮಾಡಿದವನು. ಊಟದ ನಡುವೆಯೇ ಗೊರಕೆ ಹೊಡೆಯುತ್ತಾನೆ. ಆದರೆ ರಕ್ತ ಶುದ್ಧ.

ಹೊಗ್ಲಳ ಮನಸ್ಸು ಮಾತ್ರ ಇತ್ತೈಯ ಮೇಲೆ. ಇತ್ತೈ ಅರಮನೆಯ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಹುಡುಗ. ಫಿಲಿಷ್ಟಿಯರ ಮೇಲೆ ದಂಡು ಹೋಗಿದ್ದಾಗ ಯಾರೋ ಅವನನ್ನು ಹೆತ್ತು ಪಾಳೆಯದ ಹುಲ್ಲಿನ ಮೆದೆಯಲ್ಲಿ ಬಿಟ್ಟುಹೋಗಿದ್ದರಂತೆ. ಸಿಪಾಯಿಗಳೇ ಸಾಕಿದರು. ಅವನಿಗೆ ಕೂಗಲು ಒಂದು ಹೆಸರೂ ಇಲ್ಲ. ಹೆಣ್ಣು ಕೇಳಲು ಬಾಗಿಲಿಗೆ ಬಂದವನನ್ನು ಕೋಲು ಹಿಡಿದು ಅಟ್ಟಿದೆ.

"ಅಪ್ಪನ ಹೆಸರು ಗೊತ್ತಿಲ್ದೋನಿಗೆ ಹೆಣ್ಣು ಕೊಡೋದಾ? ನನ್ನ ಅಪ್ಪ ಅಜ್ಜಂದಿರ್ನ ಅವನ ಬಾಯಿಗೆ ಹಾಕ್ಲಾ?" ಎಂದು ನಾನು ಕೂಗಾಡಿದೆ.

ನನ್ನ ಹೆಂಡತಿ ಮಿಲ್ಕ ಹಿಟ್ಟು ನಾದುತ್ತ ತಲೆಯೆತ್ತದೆ ಕೇಳಿದಳು: "ಅಲ್ರೀ, ನಮ್ಮ ದೊರೆಗೆ ಯಾವ ಅಪ್ಪ ಇದಾನೆ?"

"ದೊರೆ ಮಾತು ಬೇರೆ ಕಣೇ."

"ಹೌದು ಬೇರೆ. ಅವರು ಕುದುರೆ ಮೇಲೆ ಕೂತಿದಾರೆ, ಈ ಹುಡುಗ ಕೆಳಗೆ ನಿಂತಿದಾನೆ."

ಅವಳು ಹೇಳಿದ್ದು ಊರಿಗೆಲ್ಲ ಗೊತ್ತಿದ್ದ ವಿಷಯವೇ. ಒಮ್ರಿ ದಂಡಿನ ದಳಪತಿಯಾಗಿದ್ದ. ಪಾಳೆಯದಲ್ಲೇ ಸಿಪಾಯಿಗಳು ಅವನನ್ನು ದೊರೆ ಮಾಡಿದರು. ಹಿಂದಿನ ದೊರೆಗಳೆಲ್ಲ ಇಂಥವನ ಮಗ, ಇಂಥ ಕುಲದವನು ಎಂದು ಸಾರಿಸಿಕೊಳ್ಳುತ್ತಿದ್ದರು. ಇವನು ಒಮ್ರಿ, ಅಷ್ಟೇ. ಬಾಲವೂ ಇಲ್ಲ, ಬೇರೂ ಇಲ್ಲ. ಊರಬಾಗಿಲಲ್ಲಿ ಕೂತು ಇದನ್ನು ಹಾಸ್ಯ ಮಾಡುವವರಲ್ಲಿ ನಾನೇ ಮುಂದು. "ದೊರೆ ಒಂದ್ಸಲ ನನ್ನ ಅಂಗಡಿಗೆ ಬರ್ಲಿ, ಎಂಥಾ ಅಪ್ಪನ್ನ ಕೊಡ್ತೀನಿ ನೋಡ್ತಿರಿ" ಎಂದು ಹೇಳಿ ಜನರನ್ನು ನಗಿಸುತ್ತಿದ್ದೆ. ನನ್ನ ನಾಲಿಗೆಗೆ ಯಾವಾಗಲೂ ನನಗಿಂತ ಧೈರ್ಯ ಹೆಚ್ಚು.

ದೊರೆ ತೀರಿಕೊಂಡ. ಇಲ್ಲೇ ಸಮಾರ್ಯದಲ್ಲೇ ಮಣ್ಣು ಮಾಡಿದರು. ಶೋಕ ಮುಗಿದ ಮೇಲೆ ಒಂದು ಬೆಳಿಗ್ಗೆ ಅರಮನೆಯ ಪಾರುಪತ್ಯಗಾರ ಅಬೀಬಾಳ ಆಳುಕಾಳು ಯಾರೂ ಇಲ್ಲದೆ ನನ್ನ ಅಂಗಡಿಯೊಳಗೆ ಬಂದು ಬಾಗಿಲು ಮುಂದೆ ಮಾಡಿದ. ನನ್ನ ಕೈಯಿಂದ ಉಳಿ ಜಾರಿ ಕಾಲಮೇಲೆ ಬಿತ್ತು.

"ಕರು ಅಂದ್ರೆ ನೀನೇ ಏನಯ್ಯ?"

"ಅಡಿಯಾಳು ಸ್ವಾಮಿ."

"ಊರಿಗೆಲ್ಲ ಅಪ್ಪಂದಿರ್ನ ಹಂಚಿದೀಯಂತೆ."

"ಯಾರೋ ಆಗದೋರು ಹೇಳಿರ್ಬೇಕು ಸ್ವಾಮಿ..."

"ನಡುಗಬೇಡ. ನಮಗೂ ಒಬ್ಬ ಬೇಕು."

ಅವನು ವಿಷಯ ಬಿಚ್ಚಿದ. ಬರುವ ಅಮಾವಾಸ್ಯೆ ದೊಡ್ಡ ದೊರೆಯ ಮೊದಲ ಊಟ. ಅವನ ಮಗ ಚಿಕ್ಕ ದೊರೆ ಎದ್ದು ನಿಂತು ಹೆಸರು ಕೂಗಬೇಕು. ಕುಲದ ಹಿರಿಯರೆಲ್ಲ ಬರುತ್ತಾರೆ. ತೂರ್ ಪಟ್ಟಣದಿಂದ ಬೀಗರ ಕಡೆಯವರೂ ಬರುತ್ತಾರೆ. ಆ ಜನ ತಮ್ಮ ಹಿರಿಯರ ಹೆಸರು ಹೇಳಲು ಶುರುಮಾಡಿದರೆ ಸಾರು ತಣ್ಣಗಾಗುತ್ತದೆ. ಅಂಥವರ ಮುಂದೆ ನಮ್ಮ ದೊರೆ "ಒಮ್ರಿ" ಎಂದು ಬಾಯಿ ಮುಚ್ಚಿಕೊಂಡರೆ ಹೇಗೆ?

"ಮೂರು ತಲೆಮಾರು ಸಾಕು. ಸಮಾಧಿಯ ಬಾಯಿಗೆ ಇಡೋಕೆ ಒಂದು ಕಲ್ಲಿನ ಮೇಲೂ ಕೆತ್ತು. ಮೇಲೊಂದು ಗುರುತು ಇರ್ಲಿ. ಒಂದೇ ಮಾತು, ಯಾರೂ ಆಮೇಲೆ ಜಗಳಕ್ಕೆ ಬರಬಾರ್ದು."

ಅವನು ಹೋದ ಮೇಲೆ ನನ್ನ ಕಾಲು ಭೂಮಿಯ ಮೇಲಿರಲಿಲ್ಲ. ಇಷ್ಟು ದಿನ ಎಣ್ಣೆ ವ್ಯಾಪಾರಿಗಳಿಗೆ ಅಪ್ಪನನ್ನು ಮಾಡಿಕೊಟ್ಟವನಿಗೆ ಈಗ ಅರಮನೆಯಿಂದಲೇ ಕರೆ. ಮೊದಲು ನಿಜವಾದ ಅಪ್ಪ ಸಿಕ್ಕಿದರೆ ನೋಡೋಣ ಎಂದು ಊರಬಾಗಿಲಿಗೆ ಹೋದೆ. ಸುಮ್ಮನೆ ಹರಟೆಗೆ ಎಂಬಂತೆ "ದೊಡ್ಡ ದೊರೆ ಯಾವ ಕಡೆಯವರಿರಬಹುದು?" ಎಂದು ಎಸೆದೆ.

ಇಸ್ಸಾಕಾರ್ ಕುಲದ ಮುದುಕ ಪೂವಾ ಎದೆ ಸೆಟೆಸಿದ. "ನಮ್ಮವರೇ ಕಣೋ! ಆ ಮೂಗು ನೋಡು, ನಮ್ಮ ತಾತನ ಮೂಗೇ."

ಅರಮನೆ ಕಟ್ಟಲು ತೂರಿನಿಂದ ಬಂದು ಇಲ್ಲೇ ಉಳಿದ ಕಲ್ಲುಕುಟಿಗ ಹನ್ನೋ ನಕ್ಕ. "ಸುಮ್ನಿರಿ ಅಜ್ಜ. ನಿಮ್ಮೋರಾಗಿದ್ರೆ ಮಣ್ಣಿನ ಗೋಡೆ ಹಾಕಿಸಿ ಮಲಗ್ತಿದ್ರು. ಹಿಂಗೆ ಕಲ್ಲಿಗೆ ಕಲ್ಲು ಕೂರಿಸ್ಬೇಕು ಅಂತ ಗೊತ್ತಿದ್ದದ್ದು ನಮ್ಮ ಕಡೆಯೋರಿಗೆ. ಮಗನಿಗೆ ನಮ್ಮ ಹೆಣ್ಣು ತಂದ್ರಲ್ಲ, ಯಾಕೆ ಅಂತೀರಿ?"

ಒಂಟೆಯ ಹಗ್ಗ ಹಿಡಿದು ನೆರಳಿಗೆ ನಿಂತಿದ್ದ ಮರಳುಗಾಡಿನ ವ್ಯಾಪಾರಿ, "ಒಮ್ರಿ ಅನ್ನೋ ಹೆಸರು ನಮ್ಮ ಡೇರೆಗಳಲ್ಲಿ ಬೇಕಾದಷ್ಟಿದೆ. ನಮ್ಮ ಹುಡುಗನೇ ಇಲ್ಲಿ ಬಂದು ದೊರೆಯಾಗಿರೋದು" ಎಂದ.

ಬೇತೇಲಿನಿಂದ ಕಾಣಿಕೆ ಎತ್ತಲು ಬಂದಿದ್ದ ಪೂಜಾರಿಗೆ ಸಿಟ್ಟು ಬಂತು. "ಯಾವ ಹೊಟ್ಟೇಲಿ ಹುಟ್ಟಿದ್ರೇನು? ಯಾವ ದೇವ್ರಿಗೆ ಅಡ್ಡಬಿದ್ರು ಅನ್ನೋದು ಮುಖ್ಯ. ನಮ್ಮ ಗುಡಿಗೆ ಹೋರಿ ಕೊಟ್ಟೋರು ಅವರು."

"ನಮ್ಮ ಬಾಳನಿಗೂ ಕೊಟ್ಟಿದಾರೆ, ಎಣ್ಣೆ" ಎಂದ ಹನ್ನೋ.

"ಎಣ್ಣೆ ಎಲ್ಲಿ, ಹೋರಿ ಎಲ್ಲಿ!"

ಎಲ್ಲರಿಗೂ ಬೇಕಾದ ದೊರೆ ಎಂದು ನನಗೆ ಹಿಗ್ಗಾಯಿತು. ಪೂವಾನನ್ನು ಪಕ್ಕಕ್ಕೆ ಕರೆದು, "ಹಾಗಾದ್ರೆ ಅಮಾವಾಸ್ಯೆ ದಿನ ಅರಮನೇಲಿ ಎದ್ದು ನಿಂತು, ಇವರು ನಮ್ಮ ಚಿಕ್ಕಪ್ಪನ ಮಗ ಅಂತ ಹೇಳ್ತೀಯಾ ಅಜ್ಜ?" ಎಂದೆ.

ಮುದುಕನ ಮುಖ ಬಿಳಿಚಿತು. ಕಾರಣ ನನಗೂ ಗೊತ್ತಿತ್ತು. ನಮ್ಮ ದೇಶದಲ್ಲಿ ಒಬ್ಬ ದೊರೆ ಬಿದ್ದರೆ ಅವನ ಮನೆತನದಲ್ಲಿ ಗೋಡೆಗೆ ಉಚ್ಚೆ ಹೊಯ್ಯುವ ಒಂದು ಗಂಡನ್ನೂ ಉಳಿಸುವುದಿಲ್ಲ. ಹಿಂದಿನ ಎರಡು ಮನೆಗಳಿಗೆ ಆದದ್ದನ್ನು ನಾವು ಕಣ್ಣಾರೆ ಕಂಡವರು. ಪೂವಾ ಗಡ್ಡ ನೀವಿಕೊಂಡು, "ಮೂಗು ಅಂದ್ರೆ... ಎಲ್ಲರಿಗೂ ಇರ್ತದಪ್ಪ ಮೂಗು" ಎಂದವನು ಕೋಲು ಊರಿಕೊಂಡು ಹೊರಟೇಬಿಟ್ಟ. ಹನ್ನೋಗೆ ಮನೆಯಲ್ಲಿ ಕೆಲಸ ನೆನಪಾಯಿತು. ಒಂಟೆಯವನಂತೂ ಡೇರೆಯನ್ನೇ ಕಿತ್ತುಕೊಂಡು ಹೋದ.

ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಯಾವ ಹೆಸರು ಹಾಕಿದರೂ ಆ ಹೆಸರಿನವರು ಬಂದು ನನ್ನ ಕುತ್ತಿಗೆ ಹಿಡಿಯುತ್ತಾರೆ. ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ನನ್ನ ತಲೆಗೆ ಉಪಾಯ ಹೊಳೆದಾಗಲೆಲ್ಲ ಮಿಲ್ಕ ಮಡಕೆಗಳನ್ನು ಎತ್ತಿ ಒಳಗಿಡುತ್ತಾಳೆ. ಜಗಳಕ್ಕೆ ಬರದ ಹಿರಿಯರು ಯಾರು? ನನ್ನ ಹಿರಿಯರೇ. ಗೇರಾ, ಮೆರೀಬಾಳ, ಯೆದಾಯೋ. ನನ್ನ ಅಪ್ಪನ ಹೆಸರನ್ನು ಅರಮನೆಯಲ್ಲಿ, ತೂರಿನ ಬೀಗರ ಮುಂದೆ, ಬೆಳ್ಳಿ ಬಟ್ಟಲು ಹಿಡಿದು ದೊರೆಯೇ ಕೂಗುತ್ತಾನೆ! ನನಗೆ ಮಗನಿಲ್ಲದಿದ್ದರೇನು, ನನ್ನ ಅಪ್ಪನಿಗೆ ಇನ್ನು ಬಾಯಾರಿಕೆ ಎಂಬುದಿಲ್ಲ. ನನ್ನ ಸರದಿ ಬಂದಾಗ ನಾನೂ ದೊಡ್ಡ ದೊರೆಯ ಅಣ್ಣನೋ ತಮ್ಮನೋ ಆಗಿ ಆ ಸಾಲಿನಲ್ಲಿ ಎಲ್ಲೋ ನುಸುಳಿಕೊಳ್ಳಬಹುದು. ಈ ಖುಷಿಯಲ್ಲಿ ಪೂವಾ ಏಕೆ ಓಡಿಹೋದ ಎಂಬುದನ್ನೇ ಮರೆತೆ. ಕರು ಎಂದು ಹೆಸರಿಟ್ಟದ್ದು ವ್ಯರ್ಥವಾಗಲಿಲ್ಲ ನೋಡಿ.

ಒಂದು ಒಳ್ಳೆಯ ಸುಣ್ಣಕಲ್ಲು ಆರಿಸಿ ಹಗಲೆಲ್ಲ ಕೂತು ಕೆತ್ತಿದೆ. ಗುರುತಿಗೆ ಬೇತೇಲಿನವರ ಕರುವೂ ಇರಲಿ, ತೂರಿನವರ ಖರ್ಜೂರದ ಮರವೂ ಇರಲಿ ಎಂದು ಎರಡನ್ನೂ ಹಾಕಿದೆ. ಅದು ಪೊರಕೆಯ ಕೆಳಗೆ ನಿಂತ ಕತ್ತೆಯ ಹಾಗೆ ಬಂತು. ಆದರೂ ಬೀಗುತ್ತ ಬಟ್ಟೆಯಲ್ಲಿ ಸುತ್ತಿ ಅರಮನೆಗೆ ಒಯ್ದೆ.

ಅಬೀಬಾಳ ಬಟ್ಟೆ ಬಿಚ್ಚಿ ನೋಡಿದ. ತಲೆ ಒಂದು ಕಡೆ ವಾಲಿಸಿದ, ಇನ್ನೊಂದು ಕಡೆ ವಾಲಿಸಿದ. ಆಮೇಲೆ ಒಳಗಿನಿಂದ ಒಂದು ಕಂಚಿನ ಕನ್ನಡಿ ತರಿಸಿದ. ಆಗ ನನಗೆ ತಪ್ಪು ಹೊಳೆಯಿತು. ಜೀವಮಾನವೆಲ್ಲ ಮುದ್ರೆ ಕೆತ್ತಿದ ಕೈ, ಸಮಾಧಿಯ ಕಲ್ಲನ್ನೂ ಹಿಂದುಮುಂದಾಗಿಯೇ ಕೆತ್ತಿತ್ತು.

"ಈ ಹಿರಿಯರು ಬೆನ್ನು ತೋರಿಸ್ಕೊಂಡು ಬರ್ತಿದಾರಲ್ಲಯ್ಯ" ಎಂದ ಅಬೀಬಾಳ. "ಯಾರಿವರು ಗೇರಾ, ಮೆರೀಬಾಳ?"

"ನಮ್ಮಪ್ಪ ಸ್ವಾಮಿ. ನಮ್ಮ ತಾತ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕಲ್ಲನ್ನು ಒಳಗೆ ಚಿಕ್ಕ ದೊರೆಯ ಬಳಿಗೆ ಒಯ್ದ. ನಾನು ಕಂಬದ ಹತ್ತಿರ ನಿಂತು, ದೊರೆಯ ಬಂಧುವಿನ ಹಾಗೆ ಹೇಗೆ ನಿಲ್ಲಬೇಕು ಎಂದು ಅಭ್ಯಾಸ ಮಾಡುತ್ತಿದ್ದೆ. ಅಬೀಬಾಳ ಹಿಂತಿರುಗಿ ಬಂದು ಕಲ್ಲನ್ನು ನನ್ನ ಕೈಗಿಟ್ಟ.

"ಬೇಡ ಅಂದ್ರು."

"ಉಲ್ಟಾ ಆಗಿದ್ದಕ್ಕಾ ಸ್ವಾಮಿ? ಇನ್ನೊಂದು ಕೆತ್ಕೊಡ್ತೀನಿ."

"ಅದಕ್ಕಲ್ಲ. 'ಅಪ್ಪಾಜಿ ಬದುಕಿರೋವರೆಗೂ ಯಾರನ್ನೂ ಅಪ್ಪ ಅಂತ ಕರೀಲಿಲ್ಲ. ಸತ್ತು ಬಾಯಿಲ್ಲದ ಹೊತ್ತಲ್ಲಿ ಅವರ ಕೈಲಿ ಕರೆಸೋದು ಬೇಡ' ಅಂದ್ರು. ಒಂದು ಹೆಸರು ಸಾಕಂತೆ. ಗುರುತೂ ಬೇಡವಂತೆ."

ಕಲ್ಲು ಹೊತ್ತುಕೊಂಡು ಗುಡ್ಡ ಇಳಿದು ಬಂದೆ. ದಾರಿಯುದ್ದಕ್ಕೂ ಅದು ಭಾರವಾಗುತ್ತಲೇ ಹೋಯಿತು. ಅಬೀಯೆಜೆರ್ ಮನೆತನವನ್ನು ಬಿಟ್ಟಿ ಕೊಟ್ಟರೂ ಬೇಡವೆಂದವನು ಅಜ್ಜನ ಹೆಸರೇ ಗೊತ್ತಿಲ್ಲದ ದೊರೆ. ಮನೆಗೆ ಬಂದು ಮಿಲ್ಕಳಿಗೆ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಕಲ್ಲಿನ ಮೇಲೆ ಕೈಯಾಡಿಸಿ ಅತ್ತಳು.

"ಕುದುರೆ ಕಾಯೋ ಹುಡುಗ ಒಂದು ಹೆಸರು ಕೊಡಿ ಅಂತ ಬಾಗಿಲಲ್ಲಿ ನಿಂತ್ರೆ ಕೋಲು ತಗೊಂಡ್ರಿ. ನಿಮ್ಮಪ್ಪನೇ ಬೇಕು ಅಂತ ಕೇಳದೇ ಇದ್ದ ದೊರೆಗೆ ಹೊತ್ಕೊಂಡು ಹೋಗಿ ಕೊಟ್ಟು ಬಂದ್ರಿ. ಅದೂ ಅವರು ಮುಟ್ಲಿಲ್ಲ. ಏನು ಮನುಷ್ಯರು ರೀ ನೀವು?"

ನಾನು ಕಲ್ಲಿಗೆ ಮತ್ತೆ ಬಟ್ಟೆ ಸುತ್ತಿ ಮೂಲೆಯಲ್ಲಿಟ್ಟೆ.

ಅಮಾವಾಸ್ಯೆಯ ಮಧ್ಯಾಹ್ನ ಅರಮನೆಯ ಅಂಗಳದಲ್ಲಿ ಹಿಂದಿನ ಸಾಲಿನಲ್ಲಿ ನಾನೂ ನಿಂತಿದ್ದೆ. ದೂರದಿಂದ ಒಂದೇ ಹೆಸರು ಕೇಳಿಸಿತು. ಒಂದೇ ಬಟ್ಟಲು ಸುರಿದ ಸದ್ದು. ಮುಂದೆ ಏನೂ ಇಲ್ಲ. ತೂರಿನವರು ಇನ್ನೂ ಇದೆಯೇನೋ ಎಂದು ಕಾದರು. ಪೂವಾ ನೆಲ ನೋಡುತ್ತ ನಿಂತಿದ್ದ. ಮೂಗು ತಾತನದೇ ಎಂದು ಒಂದು ಮಾತು ಹೇಳಿದ್ದರೆ ಆ ಮೌನ ಅಷ್ಟು ಉದ್ದವಾಗುತ್ತಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟು ಬಂತು, ಅದರ ಹಿಂದೆಯೇ ನನ್ನ ಮೇಲೆ ಅಸಹ್ಯವೂ ಬಂತು. ನೆಟ್ಟಗೆ ಲಾಯಕ್ಕೆ ಹೋದೆ.

ಇತ್ತೈ ಒಂದು ಕೆಂಪು ಕುದುರೆಯ ಗೊರಸು ಎತ್ತಿ ಹಿಡಿದು ಕಲ್ಲು ತೆಗೆಯುತ್ತಿದ್ದ. ನನ್ನನ್ನು ಕಂಡು ಗೊರಸು ಬಿಟ್ಟು ಗೋಡೆಗೆ ಒರಗಿದ. ಮತ್ತೆ ಕೋಲು ತಂದಿರಬಹುದು ಎಂದುಕೊಂಡನೇನೋ.

"ಸಂಜೆ ನಮ್ಮನೇಲಿ ಅಮಾವಾಸ್ಯೆ ಊಟ. ಬಾ" ಎಂದೆ.

"ಹೊರಗೆ ಕೂರ್ಲಾ ಅಯ್ಯ, ಒಳಗೆ ಕೂರ್ಲಾ?"

ಆ ಪ್ರಶ್ನೆ ನನಗೆ ಚುಚ್ಚಿತು. "ಒಳಗೆ. ನೀನೇ ಹೆಸರು ಕೂಗ್ಬೇಕು."

ಸಂಜೆ ಅವನು ಮೈ ತೊಳೆದುಕೊಂಡು, ಯಾರದೋ ದೊಡ್ಡ ಅಂಗಿ ತೊಟ್ಟು ಬಂದ. ಗದ್ದೀಯೋ ಆಗಲೇ ಬಂದು ಮೂಳೆಯ ತುಂಡು ಹುಡುಕಿಕೊಂಡು ಕೂತಿದ್ದ. ಹೊಗ್ಲ ಅವನನ್ನೇ ನೋಡುತ್ತ ರೊಟ್ಟಿ ತಂದಿಡುವಾಗ ಎರಡನ್ನು ನೆಲಕ್ಕೆ ಬೀಳಿಸಿದಳು. ನಾನು ಹುಡುಗನ ಕೈಗೆ ಬಟ್ಟಲು ಕೊಟ್ಟೆ.

ಅವನು ಅದನ್ನು ಹಿಡಿದು ತೊದಲಿದ. "ಮಾವ, ಒಂದು ಕೇಳ್ಲಾ? ಮೊದ್ಲು ನಮ್ಮೋರಿಗೂ ಒಂದು ತೊಟ್ಟು ಹಾಕ್ಲಾ?"

"ನಿಮ್ಮೋರು ಯಾರು ಅಂತ ನಿಂಗೇ ಗೊತ್ತಿಲ್ವಲ್ಲೋ" ಎಂದ ಗದ್ದೀಯೋ, ಬಾಯಿತುಂಬ ಮಾಂಸ ಇಟ್ಟುಕೊಂಡು.

"ಗೊತ್ತಿಲ್ಲ. ದೊಡ್ಡ ದೊರೆಗೂ ಗೊತ್ತಿರ್ಲಿಲ್ಲ. ಅಮಾವಾಸ್ಯೆ ದಿನ ಅರಮನೆ ಊಟ ಮುಗಿಸ್ಕೊಂಡು ಲಾಯಕ್ಕೆ ಬರೋರು. ನಾವೆಲ್ಲ ಹೆಸರಿಲ್ದೋರು ಅಲ್ಲೇ ಉಣ್ತಿದ್ವಿ. ಹುಲ್ಲಿನ ಮೇಲೆ ಒಂದು ಬಟ್ಟಲು ಚೆಲ್ಲಿ, 'ಹೆಸರು ಗೊತ್ತಿಲ್ದೆ ಇದ್ರೂ ಬಾಯಾರಿಕೆ ಇರುತ್ತಲ್ಲ, ಕುಡೀರಿ' ಅನ್ನೋರು. ಆಮೇಲೆ ಕುದುರೆ ಬೆನ್ನು ತಟ್ಟಿ ಹೋಗ್ತಿದ್ರು."

ಗದ್ದೀಯೋ ಕೂಡ ಅಗಿಯುವುದನ್ನು ನಿಲ್ಲಿಸಿದ. ಊರಬಾಗಿಲಲ್ಲಿ ಕೂತು ಆ ಮನುಷ್ಯನ ಬಗ್ಗೆ ಎಷ್ಟು ನಕ್ಕಿದ್ದೆ. ನಾನು "ಹಾಕಪ್ಪ" ಎಂದೆ. ಅವನು ಮೂಲೆಯಲ್ಲಿ ಮೆಲ್ಲಗೆ ಸುರಿದು ಬಂದ.

"ಈಗ ಶುರು ಮಾಡು. ಹೆದರ್ಬೇಡ. ಮೊದ್ಲು ಅಪ್ಪ, ಆಮೇಲೆ ತಾತ, ಹಂಗೇ ಮೇಲಕ್ಕೆ ಹೋಗು. ಎಲ್ಲಾ ನಿನ್ನೋರೇ ಅಂದ್ಕೊಂಡು ಕೂಗು."

ಇತ್ತೈ ಬಟ್ಟಲೆತ್ತಿದ. ನನ್ನನ್ನೇ ನೋಡಿದ. ಅವನ ಹಣೆಯ ಮೇಲೆ ಬೆವರು ಮೂಡಿತ್ತು. ಉಸಿರು ತುಂಬಿಕೊಂಡು, ದಂಡಿನಲ್ಲಿ ಬೆಳೆದ ಗಂಟಲಿನಿಂದ ಇಡೀ ಬೀದಿಗೆ ಕೇಳುವಂತೆ ಕೂಗಿದ.

"ಎಗೆಲ್ಯೋ!"

ಕೂಗಿದವನೇ ಬಟ್ಟಲನ್ನು ನೆಲಕ್ಕೆ ಬರಿದು ಮಾಡಿದ.

ಬದುಕಿರುವವನ ಹೆಸರು ಕೂಗಿ ನೆಲಕ್ಕೆ ಸುರಿದರೆ ಅವನನ್ನು ಹೂತಂತೆ. ಮಿಲ್ಕ ಹಣೆ ಚಚ್ಚಿಕೊಂಡಳು. ಹೊಗ್ಲ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಗದ್ದೀಯೋ, "ಸತ್ತ! ಕರು ಸತ್ತ! ಇನ್ನೊಂದು ತುಂಡು ಹಾಕಿ" ಎಂದು ತೊಡೆ ತಟ್ಟಿಕೊಂಡು ನಕ್ಕ. ಇತ್ತೈಗೆ ತಾನು ಏನು ಮಾಡಿದೆ ಎಂದು ಹೊಳೆದಾಗ ಮುಖ ಬೂದಿಯಾಯಿತು. "ತಪ್ಪಾಯ್ತು ಮಾವ, ಅಪ್ಪ ಅಂದ್ರಲ್ಲ, ಅದಕ್ಕೆ..." ಎಂದು ಕಾಲಿಗೆ ಬೀಳಲು ಬಂದ.

ನನ್ನ ಕಣ್ಣು ಮಂಜಾಗಿತ್ತು. ಯಾವ ಸತ್ತವನೂ ತನ್ನ ಹೆಸರು ಕೂಗಿದ್ದು ಕೇಳಿಸಿತು ಎಂದು ಬಂದು ಹೇಳಿದ್ದಿಲ್ಲ. ನನಗೆ ಬದುಕಿರುವಾಗಲೇ ಕೇಳಿಸಿತು. ನನ್ನ ಹೆಸರನ್ನು ಯಾರಾದರೂ ಕೂಗಿಯಾರೇ ಎಂದು ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡು ಕೊರಗಿದವನು ನಾನು. ಹುಡುಗನ ತೋಳು ಹಿಡಿದು ಮೇಲೆತ್ತಿ, ಬಟ್ಟಲು ತುಂಬಿಸಿ ಮತ್ತೆ ಅವನ ಕೈಗೆ ಕೊಟ್ಟೆ.

"ಇನ್ನೊಂದ್ಸಲ ಕೂಗು" ಎಂದೆ.